ಸೀಲು ಸಿಗ್ತದೇನು?

ಹುಮನಾಬಾದ್ ರೋಡಿನ ಅಂಗಡ್ಯಾಗ
ಫ್ಯಾನಿನ ಕೆಳಗ ಸಾಲಾಗಿ ಕುಂತಿದ್ವು ಜಾಕು.
ಕೆಂಪು, ಹಳದಿ, ಒಂದು ನೀಲಿ.
ಹೆಣ್ಣು ನೋಡಾಕ ಬಂದವರಂಗ
ಮೈಗೆಲ್ಲ ಎಣ್ಣಿ ಹಚ್ಚಿಕೊಂಡು, ಸುಮ್ಮಗ.

"ಮನ್ಯಾಗಿನವರು ಬಂದಿಲ್ಲೇನ್ರಿ?" ಅಂದ ಹುಡುಗ.
ಬಂದೀನಲ್ಲ, ಅಂದೆ.
ಗಾಡಿ ನನ್ನದು. ಓಮ್ನಿ.
ಮುಂಜಾನಿ ನಾಕುನೂರು ರೊಟ್ಟಿ ಹೊತ್ಕೊಂಡು
ಹಾಸ್ಟೆಲ್ಲು, ದೊಡ್ಡ ದವಾಖಾನಿ, ಕೋರ್ಟಿನ ಕ್ಯಾಂಟೀನು
ತಿರುಗೋ ಗಾಡಿ.

ಅದರ ಜೋಡಿ ಬಂದಿದ್ದ ಕತ್ತರಿ ಜಾಕು
ಹೋದ ಮಂಗಳವಾರ ಸೇಡಂ ರೋಡಿನ್ಯಾಗ
ಮೊಣಕಾಲು ಮಡಿಚಿತು.
ಟಾಯರು ಬಿಚ್ಚಿದ್ದೆ. ಡ್ರಮ್ಮು ಡಾಂಬರಿಗೆ ಬಡೀತು.
ನನ್ನ ಕೈ ಒಂದು ಗೇಣು ಈಚೆ ಇತ್ತು.
ಆ ಗೇಣಿನ ಕಿಮ್ಮತ್ತು ಎಷ್ಟಂತ
ಕೇಳಾಕ ಬಂದೀನಿ ಅಂತ ತಿಳೀರಿ.

"ಇದು ಮೂರು ಟನ್ ರೀ. ಹಗುರ ಅದ,
ಹೆಣ್ಮಕ್ಕಳಿಗೆ ಬರೋಬರಿ."
ಎತ್ತಿ ನೋಡಿದೆ. ಹೌದು, ಹಗುರ.
ಅದೇ ನನಗ ಸೇರಲಿಲ್ಲ.
ಹಂಚು ತೆಳ್ಳಗಿದ್ರ ರೊಟ್ಟಿ ಹೊತ್ತತದ,
ಮೂರು ತಿಂಗಳಿಗೆ ನಡು ತಗ್ಗತದ.
ಕಬ್ಬಿಣದ ಬಗ್ಗಿ ನನಗ ಅಷ್ಟು ಗೊತ್ತದ.

ಮೂಲ್ಯಾಗ ಕುಂತಿದ್ದ ಮೌಲಾಲಿ ಉಸ್ತಾದ,
ಕನ್ನಡಕದ ಕಡ್ಡಿಗೆ ದಾರ ಸುತ್ತಿದಾತ,
ತಲಿ ಎತ್ತದೇನೇ ಅಂದ:
"ಟನ್ನು ಬಿಡ್ರಿ ಅಮ್ಮಾ,
ಚೀಟಿ ಮ್ಯಾಲೆ ಟನ್ನು ಯಾರ ಬೇಕಾದ್ರೂ ಬರೀತಾರ.
ನಿಮ್ಮ ಗಾಡಿ ಒಂದು ಟನ್ನೂ ಇಲ್ಲ.
ಬೆಸುಗಿ ಮ್ಯಾಲೆ ಬೆರಳಾಡಸ್ರಿ,
ಹೊಲಿಗಿ ಹಂಗ ಅದನೋ, ಅಂಬಲಿ ಚೆಲ್ಲಿದಂಗ ಅದನೋ.
ಆಮ್ಯಾಲೆ ನಮ್ಮ ಹುಡುಗಗ ಒಂದೇ ಮಾತು ಕೇಳ್ರಿ:
ಸೀಲು ಸಿಗ್ತದೇನು?"

ಕೇಳಿದೆ.
ಹಳದಿಗೆ ಸಿಗಂಗಿಲ್ಲ. ನೀಲಿಗೂ ಇಲ್ಲ.
"ಕೆಟ್ರ ಹೊಸಾದು ತಗೋರಿ, ಈಗ ಎಲ್ಲಾ ಹಂಗೇ,"
ಅಂದು ಹುಡುಗ ಫೋನಿನ್ಯಾಗ ಮುಖ ಹಾಕಿದ.

ಗೋಣಿಚೀಲದ ಕೆಳಗ ಇನ್ನೊಂದಿತ್ತು.
ಬೂದಿ ಬಣ್ಣ, ಹೆಸರು ಅಳಿಸ್ಯಾದ,
ಬಾಗಿಲು ಹಾಕಿದ ಯಾವುದೋ ಗ್ಯಾರೇಜಿನದು.
ಇಬ್ಬರು ಹಿಡಿದು ಎಳದ್ರು ಹೊರಗ.
"ನೀವೇ ಹೊಡೀರಿ" ಅಂದ ಉಸ್ತಾದ.
ಹೊಡೆದೆ. ಮುಂದ ನಿಂತಿದ್ದ ಆಟೋದ ಮೂತಿ
ಸಾವಕಾಶ ಮ್ಯಾಲೆದ್ದಿತು.
ಆಟೋದಾತ ಎಲಿ ಅಗಿಯೋದು ನಿಲ್ಲಿಸಿದ.
"ಹಂಗೇ ಇರಲಿ. ಛಾ ಕುಡಿಯೂಣು."

ಛಾ ಬಂತು. ಛಾ ಮುಗೀತು.
ಉಸ್ತಾದ ಮೊಮ್ಮಗಳ ಪರೀಕ್ಷಾದ ಸುದ್ದಿ ಹೇಳಿದ.
ನಾ ಹೂಂ ಅಂತಿದ್ದೆ, ನನ್ನ ಕಣ್ಣು
ಗ್ವಾಡಿ ಮ್ಯಾಲಿನ ಒಂದು ಗೆರಿಗೂ
ಆಟೋದ ಮಡ್‌ಗಾರ್ಡಿಗೂ ನಡುವ ಇತ್ತು.
ಎಳ್ಳಷ್ಟೂ ಇಳೀಲಿಲ್ಲ.
"ಈಗ ಅದರ ಕಿವಿ ತಿರುವ್ರಿ."
ತಿರುವಿದೆ. ನಿದ್ದಿ ಹತ್ತಿದ ಕೂಸಿನಂಗ
ಉಸಿರು ಬಿಟ್ಟು ಇಳೀತು.

"ಇದರ ಸೀಲು ಪ್ಯಾಟ್ಯಾಗ ಸಿಗ್ತದ, ನಾ ಹಾಕಿ ಕೊಡ್ತೀನಿ."
ನೀವು ಇರೋತನಕ, ಅಂದೆ. ಬಾಯಿ ತಪ್ಪಿ ಬಂತು.
ನಕ್ಕ. "ಬರ್ರಿ, ನಿಮಗೇ ಕಲಸ್ತೀನಿ."

ಮನ್ಯಾಗ, ತಗಡಿನ ಶೆಡ್ಡಿನ್ಯಾಗ,
ಮೊದಲನೇ ಸಲ ಭಾರ ಬಿದ್ದಾಗ
ಟಕ್ ಅಂತು.
ಗಾಡಿ ಅಲ್ಲ, ಜಾಕೂ ಅಲ್ಲ.
ಶಹಾಬಾದ್ ಫರ್ಸಿ, ಮೂಲಿಯಿಂದ ಮೂಲಿಗೆ.
ರೊಟ್ಟಿ ಬಡಿಯೋ ಜಗದೇವಿ ಒಳಗಿನಿಂದ ಬಂದು
ಸೊಂಟಕ್ಕ ಕೈ ಇಟ್ಟು ನೋಡಿದಳು.
"ಜಾಕು ಗಟ್ಟಿ ಅದನೋ ಇಲ್ಲೋ ಅಂತ ಅರ್ಧ ದಿನಾ ನೋಡಿದಿ.
ನೆಲ ಯಾರು ನೋಡ್ಬೇಕಿತ್ತು?"

ಅಕಿನೇ ಹಳೇ ಬಾಗಿಲಿನ ಹಲಗಿ ತಂದು ಹಾಸಿದಳು.
ಉಸ್ತಾದ ಹೊರಡುವಾಗ ಕೂಗಿ ಹೇಳಿದ್ದ,
"ಅದು ಎತ್ತತದ ಅಷ್ಟೇ ಅಮ್ಮಾ, ಹಿಡಿಯೋದು ಅದರ ಕೆಲಸಲ್ಲ!"
ಹಂಗಾಗಿ ಎರಡು ಸ್ಟ್ಯಾಂಡು. ಅವಕ್ಕ ಬ್ಯಾರೆ ರೊಕ್ಕ,
ಬ್ಯಾರೆ ದಿನ, ಬ್ಯಾರೆ ಛಾ.

ಈಗ ಗಾಡಿ ಕೆಳಗ ಮಲಗೀನಿ.
ಫರ್ಸಿ ಸೀಳಿನ್ಯಾಗ ಆಗಲೇ ಜೋಳದ ಹಿಟ್ಟು ಕುಂತದ.
ನನ್ನ ಕಣ್ಣಿಗೆ ಕಾಣೋದು ಜಗದೇವಿ ಪಾದ ಎರಡೇ,
ಹಿಡಿಕಿ ಪಕ್ಕ, ಅಲುಗಾಡದೆ.
ಸ್ಟ್ಯಾಂಡು ಅವ, ನೀ ಹೋಗು, ಅಂದೆ.
"ಮಕ್ಕಳು ಬಂದು ಕಿವಿ ಮುಟ್ಟಿದ್ರ?" ಅಂದಳು.
ಒಲಿ ಮ್ಯಾಲೆ ಒಂದು ರೊಟ್ಟಿ ಹೊತ್ತಿದ ವಾಸನಿ ಬಂತು.
ಅಕಿ ಹೋಗಲಿಲ್ಲ.